ಮುಂದಿನ ಗುರುವಾರ

ಹದಿನಾಲ್ಕನೇ ಕೋಣೆಯ ಬಾಗಿಲು ತಳ್ಳಿದಾಗ
ಮೊದಲು ಬಂದದ್ದು ಬಿಸಿ. ಆಮೇಲೆ ಒದ್ದೆ ಟವೆಲ್ಲಿನ ವಾಸನೆ.
ಆಮೇಲೆ ಕೊಟ್ರೇಶ.
ಕಣ್ಣು ಕೆಂಪು, ಬೆಳಕಿಗೆ ಮುಖ ತಿರುಗಿಸುತ್ತಾನೆ.
ಕಿವಿಯ ಹಿಂದಿನಿಂದ ಹೊರಟ ಗಂದೆ ಕೊರಳಿಳಿದು
ಎದೆಯ ಮೇಲೆ ಒಂದಕ್ಕೊಂದು ಕೂಡಿಕೊಂಡಿದೆ.

"ಉಷ್ಣ ಆಗೇತಿ ಸಿಸ್ಟರ್, ಮಜ್ಜಿಗೆ ಕುಡಿಸ್ತಾ ಇದೀವಿ."
ಮೂರು ಮಂಚ, ಎಂಟು ಹುಡುಗರು, ಒಂದು ಮೊಬೈಲಿನಲ್ಲಿ ಮ್ಯಾಚು.
ಕಿಟಕಿಗೆ ಹಳೇ ಕ್ಯಾಲೆಂಡರ್ ಅಂಟಿಸಿದ್ದಾರೆ, ಸೊಳ್ಳೆಗೆ.

ದಡಾರ ಕಣ್ರೋ. ಊರಲ್ಲಿ ಗೊಬ್ರ ಅಂತಾರಲ್ಲ, ಅದೇ.
"ಅದು ಸಣ್ಣ ಮಕ್ಕಳಿಗೆ ಬರೋದಲ್ವಾ?"
ಗಡ್ಡ ನೋಡಿ ಬಿಟ್ಟುಹೋಗುವ ಪೈಕಿ ಅಲ್ಲ ಅದು.
ಕೆಮ್ಮಿದವನು ಮಂಡಕ್ಕಿ ತಿನ್ನಲು ಎದ್ದು ಹೋದರೂ
ಎರಡು ತಾಸು ಇಲ್ಲೇ ಕೂತಿರುತ್ತದೆ,
ಬಾಡಿಗೆ ಕೊಡದ ರೂಮ್‌ಮೇಟಿನ ಹಾಗೆ.

ಜಗಳೂರು ಕಡೆಯಿಂದ ಫೋನಿನಲ್ಲಿ ತಾಯಿ:
"ಅಮ್ಮ ಬಂದಾಳೆ, ಸೂಜಿ ಮುಟ್ಟಿಸಬ್ಯಾಡ್ರಿ,
ಬೇವಿನ ಸೊಪ್ಪು ಇಡ್ರಿ ತಾಯಿ."
ಇಡೋಣ ಅಂದೆ. ಇಟ್ಟೆ.
ಬೇವು ತಲೆದೆಸೆಗೆ, ಎ ವಿಟಮಿನ್ನು ನಾಲಿಗೆಗೆ,
ಹುಡುಗ ಮಹಡಿಯ ಒಂಟಿ ಕೋಣೆಗೆ, ಕ್ಯಾಲೆಂಡರ್ ಕಸದ ಬುಟ್ಟಿಗೆ.
ತೆಗೆದ ಕಿಟಕಿಯಿಂದ ವಿದ್ಯಾನಗರದ ಗಾಳಿ,
ಯಾರದೋ ಕಾವಲಿಯ ಬೆಣ್ಣೆಯ ಘಮ.
ಅಮ್ಮ ಏನೂ ಸಿಟ್ಟಾಗಲಿಲ್ಲ.

ಸಣ್ಣವನಿದ್ದಾಗ ಚುಚ್ಚಿಸಿದ್ರಾ? ಕೇಳಿದ್ದೆ.
ರಾತ್ರಿ ವಾಟ್ಸಾಪಿಗೆ ಬಂತು ತಾಯಿ ಕಾರ್ಡು,
ಮಡಿಕೆಯಲ್ಲಿ ಸೀಳಿ, ಅರಿಶಿನ ಹಿಡಿದು.
ಬಿಸಿಜಿ ಇದೆ. ಪೋಲಿಯೊ ಇದೆ.
ಒಂಬತ್ತು ತಿಂಗಳ ಚೌಕದಲ್ಲಿ ಪೆನ್ಸಿಲಿನ ಎರಡು ಪದ:
ಮುಂದಿನ ಗುರುವಾರ.
'ರ'ದ ಬಾಲವನ್ನು ಹೀಗೆ ಗೆರೆ ದಾಟಿ ಎಳೆಯುವವಳು
ಈ ಜಿಲ್ಲೆಯಲ್ಲಿ ನಾನೊಬ್ಬಳೇ.

ಆ ಕೂಸಿನ ನೆನಪಿಲ್ಲ. ಲೆಕ್ಕದ ನೆನಪಿದೆ.
ಆಗ ಐದು ಕೂಸಿಗೊಂದು ಸೀಸೆ,
ಒಡೆದರೆ ನಾಲ್ಕು ತಾಸು, ಉಳಿದದ್ದು ಚೆಲ್ಲಬೇಕು,
ಚೆಲ್ಲಿದ್ದಕ್ಕೆ ಉತ್ತರ ಹೇಳಬೇಕು.
ಮಧ್ಯಾಹ್ನ ಮೂರಕ್ಕೆ ಒಬ್ಬಳೇ ಬಂದಿರಬೇಕು ಆಕೆ,
ಒಂದಕ್ಕಾಗಿ ಹೇಗೆ ಒಡೆಯಲಿ ಅಂದಿರಬೇಕು ನಾನು.
ಬಸ್ಸಿನ ದುಡ್ಡು ಹೋಯಿತು, ಆ ದಿನದ ಕೂಲಿ ಹೋಯಿತು.
ಗುರುವಾರ ಬಂತು. ಆಕೆ ಬರಲಿಲ್ಲ.
ರಿಜಿಸ್ಟರಿನಲ್ಲಿ ನನ್ನದೇನೂ ತಪ್ಪಿಲ್ಲ.

ಇವತ್ತು ಹಾಸ್ಟೆಲಿನ ಊಟದ ಹಾಲಿನಲ್ಲಿ ಐಸಿನ ಡಬ್ಬಿ ತೆರೆದು ಕೂತಿದ್ದೇನೆ.
ಬಲಗೈ. ತೋಳು ಮೇಲೆ ಮಡಚು. ಉಸಿರು ಬಿಡು ಲೋಕ್ಯಾನಾಯ್ಕ.
ಜಿಮ್ಮಿಗೆ ಹೋಗುವ ಇರ್ಫಾನ್
ಸೂಜಿ ನೋಡಿಯೇ ಬೆಂಚಿನಿಂದ ಜಾರಿದ.
ಅಡುಗೆಯ ಗುತ್ಯಪ್ಪ ಇನ್ನು ಒಂದು ವಾರ
ಸಾರಿನ ಜೊತೆ ಇದನ್ನೇ ಬಡಿಸುತ್ತಾನೆ.

ಜ್ವರ ಬಂದರೆ ಕ್ಲಾಸಿಗೆ ಹೋಗಬೇಡಿ,
ಹಾಜರಾತಿಗೆ ನಾನು ಬಂದು ಜಗಳ ಮಾಡುತ್ತೇನೆ.
ಕೆಮ್ಮುವಾಗ ಮೊಣಕೈ ಅಡ್ಡ. ಟವೆಲ್ಲು ಅವರವರದು.
ಪರೀಕ್ಷೆಯಿದ್ದರೂ ಕಿಟಕಿ ತೆಗೆದಿರಲಿ.
ಎರಡನೇ ಸೂಜಿಗೆ ನಾಲ್ಕು ವಾರ ಬಿಟ್ಟು
ನೀವು ಮರೆತರೂ ನಾನೇ ಬರುತ್ತೇನೆ.
ತಲೆಯಾಡಿಸುತ್ತಾರೆ, ಹತ್ತಿ ಒತ್ತಿಕೊಂಡು, ಕೇಳದೆ.

ಮಹಡಿಯ ಕಿಟಕಿಯಲ್ಲಿ ಕೊಟ್ರೇಶ.
ಮುಖದ ಸಿಪ್ಪೆ ಸುಲಿಯುತ್ತಿದೆ, ಹಸಿವು ವಾಪಸು ಬಂದಿದೆಯಂತೆ.
ಅವನಿಗೆ ಹೇಳಿಲ್ಲ, ಆ ಅಕ್ಷರ ಯಾರದೆಂದು.

ನಾಲ್ಕೂವರೆ. ಹತ್ತರ ಸೀಸೆ ಖಾಲಿ.
ಡಬ್ಬಿ ಮುಚ್ಚುವ ಹೊತ್ತಿಗೆ ಓಡಿ ಬಂದ ಒಬ್ಬ,
ಹೆಗಲಲ್ಲಿ ಡ್ರಾಯಿಂಗ್ ಹಾಳೆಯ ಕೊಳವೆ:
"ಅಶೋಕ ರೋಡ್ ಗೇಟ್ ಹಾಕಿದ್ರು ಸಿಸ್ಟರ್.
ಮುಗೀತಾ? ನಾಳೆ ಬರ್ಲಾ?"

ಅವನ ಹಿಂದೆ ಇನ್ಯಾರಾದರೂ ಇದ್ದಾರೇನೋ ನೋಡಿದೆ.
ಇರಲಿಲ್ಲ.

ಹೊಸ ಸೀಸೆಯ ತಗಡು ಕಳಚಿ
ಬಿಳಿ ಪುಡಿಗೆ ಅದರ ನೀರು ಬೆರೆಸಿದೆ.
ಒಂಬತ್ತು ಡೋಸು ಯಾಕೆ ಚೆಲ್ಲಿತೆಂದು ಕೇಳುವ ಕಾಲಮ್ಮಿನಲ್ಲಿ
ಇನ್ನೂ ಏನೂ ಬರೆದಿಲ್ಲ.