ಬಾ

ಬ್ಯಾಲರಾಟ್‌ನಲ್ಲಿ ಮಂಗಳವಾರದ ಬೆಳಗು.
ಕಾರಿನ ಗಾಜಿನ ಮೇಲೆ ಹೆಪ್ಪುಗಟ್ಟಿದ ಇಬ್ಬನಿಯನ್ನು
ಹಳೆಯ ಲೈಬ್ರರಿ ಕಾರ್ಡಿನಿಂದ ಕೆರೆದು ಹೊರಡುತ್ತೇನೆ.

ರಿಟೈರಾದ ಮೇಲೆ ಕೈಗೆ ಕೆಲಸ ಬೇಕಿತ್ತು.
ಚರ್ಚಿನ ಹಳೆಬಟ್ಟೆ ಅಂಗಡಿಯಲ್ಲಿ ಜಾಗ ಖಾಲಿಯಿರಲಿಲ್ಲ,
ಇಲ್ಲಿತ್ತು.
ಮೊದಲ ದಿನ ಬಾಗಿಲಲ್ಲೇ ಗ್ಲೆನಿಸ್ ಕೇಳಿದಳು:
"ನಾಯಿಯೋ, ಬೆಕ್ಕೋ?"
"ಬಟ್ಟೆ" ಎಂದೆ.
ನಗದೆ, ಒಗೆಯುವ ಕೋಣೆ ತೋರಿಸಿದಳು.

ಎರಡು ಯಂತ್ರ. ಒಂದರ ಬಾಗಿಲು ಸರಿಯಿಲ್ಲ,
ನೀರು ತುಂಬುವವರೆಗೆ ಮೊಣಕಾಲಿಂದ ಒತ್ತಿ ಹಿಡಿಯಬೇಕು.
ಕಂಬಳಿ, ಟವೆಲು, ಯಾರದೋ ಮದುವೆಯ ಮೇಜುಬಟ್ಟೆ,
ಯಾವುದೋ ಮಗು ಕೊಟ್ಟ ಡೈನೋಸಾರ್ ಹೊದಿಕೆ,
ಎಲ್ಲದರಲ್ಲೂ ಉಚ್ಚೆ, ಜೊಲ್ಲು, ರೋಮ,
ಮತ್ತೆ ಭಯದ ವಾಸನೆ.
ಭಯದ ವಾಸನೆ ನನಗೆ ಗೊತ್ತು.

ಎಂಟನೇ ವಯಸ್ಸಿಗೆ, ಗದಗಿನ ರೈಲ್ವೆ ಕ್ವಾರ್ಟರ್ಸಿನ ನಲ್ಲಿಯ ಬಳಿ
ಕಂದು ನಾಯಿಯೊಂದು ಮೀನಖಂಡಕ್ಕೆ ಬಾಯಿ ಹಾಕಿತ್ತು.
ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿ,
ದಿನಕ್ಕೊಂದು, ಗಡಿಯಾರದ ಅಂಕಿಗಳ ಹಾಗೆ;
ಹನ್ನೆರಡು ಹೊಡೆದ ಮೇಲೂ ಎರಡು ಬಾಕಿಯಿದ್ದವು.
ಸೂಜಿಗೊಂದು ಪೆಪ್ಪರಮೆಂಟು.
ಅಂದಿನಿಂದ ನಾಯಿ ಕಂಡರೆ ಬೀದಿ ದಾಟಿದವಳು ನಾನು,
ಆಚೆಗೂ ನಾಯಿಯಿದ್ದರೆ
ನಟ್ಟನಡು ರಸ್ತೆಯಲ್ಲಿ ನಡೆದವಳು.

ಏಳನೇ ಗೂಡಿನಲ್ಲಿ ಅದು ಇತ್ತು.
ರೇಸಿನ ಗ್ರೇಹೌಂಡ್. ಬೂದಿ ಬಣ್ಣ. ಎಣಿಸಬಹುದಾದ ಪಕ್ಕೆಲುಬು.
ಕಿವಿಯೊಳಗೆ ಹಸಿರು ಹಚ್ಚೆಯ ಅಕ್ಷರ,
ಕಿರಾಣಿ ಮೂಟೆಗೆ ಬರೆದಂತೆ.
ನಲವತ್ತೊಂದು ಓಟ, ಎರಡು ಗೆಲುವು,
ಮುರಿದು ಕೂಡಿದ ಒಂದು ಹಿಂಗಾಲು.
ಮೆಟ್ಟಿಲು ಗೊತ್ತಿಲ್ಲ. ಗಾಜೂ ಗೊತ್ತಿಲ್ಲ,
ಬಾಗಿಲ ಗಾಜಿನಲ್ಲಿ ತನ್ನನ್ನೇ ಕಂಡು
ದಾರಿ ಬಿಟ್ಟು ಪಕ್ಕಕ್ಕೆ ನಿಲ್ಲುತ್ತಿತ್ತು.
ಬೊಗಳಿದ್ದನ್ನು ಯಾರೂ ಕೇಳಿಲ್ಲ.
ನನಗೆ ಅದೇ ಅನುಕೂಲವಾಯಿತು.

ಕಂಬಳಿಯನ್ನು ಮೊದಮೊದಲು ಕೋಲಿನಿಂದ ತಳ್ಳಿದೆ,
ಆಮೇಲೆ ಉದ್ದಕ್ಕೆ ಚಾಚಿದ ಕೈಯಿಂದ,
ಆಮೇಲೆ ಜುಲೈ ತಿಂಗಳ ಒಂದು ದಿನ
ಒಳಗೇ ಹೋಗಿ ಕುಳಿತೆ.
ಡ್ರೈಯರಿನಿಂದ ಆಗಷ್ಟೇ ತೆಗೆದ ಬಿಸಿ ಕಂಬಳಿ
ಇಬ್ಬರಿಗೂ ಬೇಕಿತ್ತು.

ಇಂಗ್ಲಿಷಿನಲ್ಲಿ ಅದನ್ನು ಆಗಲೇ ಸಾಕಷ್ಟು ಗದರಿದ್ದರು.
ನಾನು ಕನ್ನಡ ತೆಗೆದೆ.
ತೆಗೆದರೆ, ನಾಯಿಗೆಂದು ಅದರೊಳಗೆ ಇದ್ದದ್ದು
ನಾಯಿಪಾಡು, ನಾಯಿಬುದ್ಧಿ, ಡೊಂಕುಬಾಲ, ಹಚ್ಯಾ.
ಹುಡುಕಿ ಹುಡುಕಿ ಕೊನೆಗೆ ಉಳಿದದ್ದು ಒಂದೇ ಅಕ್ಷರ.
ಬಾ.
ಬಾ ಯಪ್ಪಾ, ಬಾ.

ಮೂರನೇ ವಾರ ಎದ್ದು ಬಂತು.
ಮಂಡಿಯ ಮೇಲೆ ಗದ್ದವೂರಿ, ಮೈಭಾರವನ್ನೆಲ್ಲ ನನಗೆ ಬಿಟ್ಟು,
ಬಸ್ಸಿನಲ್ಲಿ ಪಕ್ಕದವರ ಹೆಗಲಿಗೆ ನಿದ್ದೆಹೋದ
ಅಪರಿಚಿತರ ಹಾಗೆ ನಿಂತಿತು.

ಐವತ್ತಾರು ವರ್ಷದ ಮೇಲೆ, ಆಗ ಹೊಳೆಯಿತು:
ಹದಿನಾಲ್ಕು ದಿನ ಅಪ್ಪ ನನ್ನನ್ನು ಸೈಕಲ್ ಮೇಲೆ ದವಾಖಾನೆಗೆ ಒಯ್ದರು,
ಆ ಕಂದು ನಾಯಿಗೆ ಏನಾಯಿತೆಂದು ನಾನು ಕೇಳಿಯೇ ಇಲ್ಲ.
ಎರಡನೇ ದಿನ ನಲ್ಲಿಯ ಬಳಿ ಯಾರೋ
ಕೊಡಗಟ್ಟಲೆ ನೀರು ಸುರಿದು ಕಲ್ಲು ತೊಳೆಯುತ್ತಿದ್ದರು.
ಬಾಯಲ್ಲಿ ಪೆಪ್ಪರಮೆಂಟು ಇತ್ತು.

ಸೆಪ್ಟೆಂಬರಿನಲ್ಲಿ ಅರರಾಟ್‌ನಿಂದ ಡೆಸ್ಮಂಡ್ ಬಂದ, ಹೆಂಡತಿ ಜೊತೆಗೆ,
ಕುರಿ ಸಾಕಿ, ದಣಿದು, ಮಾರಿಬಿಟ್ಟವರು.
ಗ್ಲೆನಿಸ್ ಅರ್ಜಿ ತುಂಬಿಸಿದಳು: ವಯಸ್ಸು ನಾಲ್ಕು,
ಮೆಟ್ಟಿಲು ಹತ್ತುತ್ತದೆ, ಇಳಿಯಲು ಇನ್ನೂ ಯೋಚಿಸುತ್ತದೆ.
"ಬಾ ಅಂದರೆ ಬರುತ್ತದೆ" ಎಂದೆ ನಾನು.
"ಬಾ?" ಡೆಸ್ಮಂಡ್ ಬಿದ್ದು ಬಿದ್ದು ನಕ್ಕ,
"ನಲವತ್ತು ವರ್ಷ ನಮ್ಮ ಕುರಿಗಳು ಹೇಳಿದ್ದೂ ಅದನ್ನೇ."
ಹೆಂಡತಿ ಅಲ್ಲೇ ಸಿಮೆಂಟಿನ ಮೇಲೆ ಮಂಡಿಯೂರಿ
ತುಟಿ ಕೂಡಿಸಿ, ಎರಡು ಸಲ ತಪ್ಪಿ, ಮೂರನೆಯ ಸಲ
ಹ್ರಸ್ವವೂ ಅಲ್ಲದ ದೀರ್ಘವೂ ಅಲ್ಲದ
ಒಂದು ಬಾ ಅಂದಳು.
ಅದು ನನ್ನ ಕಡೆ ನೋಡಿತು.
ಆಮೇಲೆ ಹೋಯಿತು.

ಅವತ್ತು ಅದರ ಕಂಬಳಿಯನ್ನು ಎಲ್ಲಕ್ಕಿಂತ ಕೊನೆಗೆ ಒಗೆದೆ.
ಸಂಜೆಗಾಗಲೇ ಏಳನೇ ಗೂಡಿಗೆ ಇನ್ನೊಂದು:
ಕಂದು. ದಪ್ಪ ಕುತ್ತಿಗೆ. ಸರಳಿಗೆ ಹಲ್ಲು ಕಚ್ಚಿಕೊಂಡು ನಿಂತದ್ದು.
"ಇದರ ಹತ್ತಿರ ಬೇಡ" ಎಂದಳು ಗ್ಲೆನಿಸ್.
ಹೋಗಲಿಲ್ಲ.
ಮೊಣಕಾಲಿಂದ ಯಂತ್ರದ ಬಾಗಿಲು ಒತ್ತಿ ಹಿಡಿದು
ನೀರು ತುಂಬುವ ಸದ್ದಿಗಿಂತ ದನಿ ಎತ್ತರಿಸಿ
ಎಲ್ಲಿಂದ ತಂದರು, ಯಾರನ್ನು ಕಚ್ಚಿತು,
ಇನ್ನು ಇದಕ್ಕೆ ಏನಾಗುತ್ತದೆ
ಎಂದು ಕೇಳಿದೆ.