ಜೆ. ಗೆಲಾಟ್ಲಿ

ಒಂಬತ್ತು ವರ್ಷ ನಾನು
ತಪ್ಪು ಮನುಷ್ಯನ ಮೀಸೆಯನ್ನು ಪ್ರೀತಿಸಿದೆ.

ಡಂಡಿ ಶಹರದ ಶನಿವಾರದ ಪತ್ರಿಕೆ,
ಸಾವಿರದೆಂಟುನೂರ ತೊಂಬತ್ತೊಂದು:
ಹಡಗುಗಳ ಬರವು, ಸೆಣಬಿನ ಧಾರಣೆ,
ಕೆಮ್ಮಿಗೊಂದು ಔಷಧಿ, ಅದರ ಬುಡದಲ್ಲಿ
ಅಂಗೈಯಗಲ ಜಾಗದಲ್ಲಿ ಚದುರಂಗ.
ಅಂಚೆ ಪಂದ್ಯ. ಕಪ್ಪು: ಜೆ. ಗೆಲಾಟ್ಲಿ.
ಇಪ್ಪತ್ತಮೂರನೆಯ ನಡೆಯಲ್ಲಿ ಆನೆಯನ್ನೇ ಬಲಿಗೊಟ್ಟು
ಒಂದು ಕುದುರೆ, ಮೂರೇ ಕಾಲಾಳು ಇಟ್ಟುಕೊಂಡು
ಅಬರ್ಡೀನಿನ ವಕೀಲನ ರಾಜನನ್ನು ಮೂಲೆಗೊತ್ತಿದವನೆ,
ಯಾರಪ್ಪ ನೀನು?

ಜೆ. ಅಂದರೆ ಏನೂ ಆಗಬಹುದು.
ಜೇಮ್ಸ್, ಜೋಸೆಫ್, ಜಾನ್, ಜೀನ್.
ಒಂದಕ್ಷರ, ಪಕ್ಕದಲ್ಲೊಂದು ಚುಕ್ಕೆ,
ಒಳಗಿನಿಂದ ಚಿಲಕ ಹಾಕಿಕೊಂಡ ಹಾಗೆ.

ಜನಗಣತಿಯ ಹೊತ್ತಗೆಗಳಲ್ಲಿ ಬೆರಳು ಸವೆಸಿದೆ.
ಗ್ರಂಥಾಲಯದ ಫೆರಿಯರ್ ನನ್ನ ಕೊಡೆ ಕಂಡರೆ ಸಾಕು
ಮಾತಿಲ್ಲದೆ ಮೂರನೇ ಯಂತ್ರಕ್ಕೆ ಸುರುಳಿ ಏರಿಸುತ್ತಿದ್ದ.
ಕೊನೆಗೂ ಸಿಕ್ಕಿದ: ಜೇಮ್ಸ್ ಗೆಲಾಟ್ಲಿ,
ಶಾಲೆಯ ಮಾಸ್ತರ, ಅವಿವಾಹಿತ,
ಲ್ಯಾಟಿನ್, ಬೀಜಗಣಿತ, ಬೆತ್ತ.
ಫೋಟೋ ಕೂಡ ಸಿಕ್ಕಿತು. ನೋಡಿದವರೆಲ್ಲ ಅಂದರು,
ಈ ಹಣೆಗಲ್ಲದೆ ಇನ್ಯಾವ ಹಣೆಗೆ ಹೊಳೆದೀತು ಆ ನಡೆ!
ಪುಸ್ತಿಕೆ ಬರೆದೆ. ಮಾಸ್ತರನ ತಮ್ಮನ ಮೊಮ್ಮಗ,
ಪರ್ತ್ ಊರಿನ ಮುದುಕ ಆರ್ಚಿ,
ಆ ಆಟಕ್ಕೆ ಕಟ್ಟು ಹಾಕಿಸಿ ಹಜಾರದಲ್ಲಿ ತೂಗುಹಾಕಿದ.

ಹೋದ ಫೆಬ್ರವರಿ, ಬೇರೇನನ್ನೋ ಹುಡುಕುವಾಗ,
ಅಂಕಣಕಾರ ಓದುಗರಿಗೆ ಕೊಟ್ಟ ಚಿಲ್ಲರೆ ಉತ್ತರಗಳ ನಡುವೆ:
‘ಜೆ. ಜಿ., ಲಾಕಿ. ತಮ್ಮ ಕಾರ್ಡು ಹಬೆ ತಗಲಿ ಮಸುಕಾಗಿದೆ,
ನಡೆಯನ್ನು ಮತ್ತೊಮ್ಮೆ ಬರೆಯಿರಿ.
ಹೆಂಡತಿಯ ಪಾಳಿ ಬದಲಾಗಿ ತಡವಾಯಿತೆಂಬ ಕಾರಣ ಒಪ್ಪಿದ್ದೇವೆ.’

ಹಬೆ. ಹೆಂಡತಿ. ಪಾಳಿ.
ಮಾಸ್ತರನಿಗೆ ಮೂರೂ ಇರಲಿಲ್ಲ.

ನಮ್ಮೂರಲ್ಲಿ ಅಂಥವರಿಗೊಂದು ಹೆಸರಿತ್ತು,
ಕೆಟಲು ಕಾಯಿಸುವವರು.
ಗಿರಣಿಗೆ ಬೇಕಿದ್ದದ್ದು ಹೆಂಗಸರ ಕೈ, ಅಗ್ಗದ ಕೈ;
ಹುಡುಗರು ಗಂಡಸಿನ ಕೂಲಿ ಕೇಳುವಷ್ಟು ಬೆಳೆದ ದಿನವೇ ಗೇಟಿನಾಚೆ.
ಆಮೇಲೆ ಮನೆ, ಕೂಸು, ಒಲೆ, ಬೀದಿಯವರ ನಗೆ.
ನನ್ನ ಮುತ್ತಜ್ಜನೂ ಅದೇ. ಅವನ ಮಾತು ಬಂದರೆ
ಅಜ್ಜಿ ಪರದೆ ಸರಿಪಡಿಸಲು ಎದ್ದುಹೋಗುತ್ತಿದ್ದಳು.

ಮತ್ತೆ ಗಣತಿ. ಅದೇ ಹೊತ್ತಗೆ, ನಾಲ್ಕೇ ಪುಟ ಮುಂದೆ,
ನಾನು ಒಂಬತ್ತು ವರ್ಷ ದಾಟಿಕೊಂಡೇ ಹೋದ ಸಾಲು:
ಇಸಬೆಲ್ಲಾ ಗೆಲಾಟ್ಲಿ, ಸೆಣಬಿನ ಮಗ್ಗದವಳು.
ಮನೆಯ ಯಜಮಾನಿ ಎಂದು ಬರೆದು, ಹೊಡೆದುಹಾಕಿ, ಮೇಲೆ
ಜೋಸೆಫ್, ಗಂಡ. ಉದ್ಯೋಗದ ಕಡೆ
ಒಂದು ಅಡ್ಡಗೆರೆ.

ಫೋಟೋ ಇಲ್ಲ. ಸಮಾಧಿ ಪುರಸಭೆಯ ಗುಂಡಿ,
ಆರು ಜನರ ಜೊತೆ, ಕಲ್ಲಿಲ್ಲ.
ಲಾಕಿಗೆ ಹೋಗಿಬಂದೆ. ಅವನ ಮೆಟ್ಟಿಲಿದ್ದ ಕಡೆ
ಟೈರು ಮಾರುತ್ತಾರೆ.
ಗೋಡೆಯಿಂದ ಮೀಸೆಯನ್ನು ಇಳಿಸಿದೆ.
ಸುಳ್ಳಿಗೆ ಒಂದು ಮುಖವಾದರೂ ಇತ್ತು,
ನಿಜಕ್ಕೆ ಉಳಿದದ್ದು ಮೊಳೆ.

ಆರ್ಚಿಗೆ ಬರೆಯಲು ಮೂರು ವಾರ ಹಿಡಿಯಿತು.
ಉತ್ತರ ಬಂತು, ನಡುಗುವ ಅಕ್ಷರ:
‘ಕುದುರೆ ಹೇಗೆ ಹೋಗುತ್ತದೆಂದೇ ತನಗೆ ತಿಳಿಯದೆಂದು
ದೊಡ್ಡಜ್ಜ ಸಾಯುವ ತನಕ ಹೇಳುತ್ತಿದ್ದರಂತೆ.
ನಾವದನ್ನು ವಿನಯ ಅಂದುಕೊಂಡೆವು.
ಕಟ್ಟು ಇಳಿಸುವುದಿಲ್ಲ, ಆಟ ಚೆನ್ನಾಗಿದೆ.
ಹೆಸರು ತಿದ್ದಿದ ಚೀಟಿ ಕಳಿಸಿ.’

ಚೀಟಿ ಬರೆಯಲು ಕೂತಿದ್ದೇನೆ, ಅಡಿಗೆಮನೆಯಲ್ಲಿ,
ಪಕ್ಕದಲ್ಲಿ ಹಲಗೆ ಹರಡಿ.
ಕೆಟಲು ಆಗಲೇ ಸಿಳ್ಳು ಹಾಕುತ್ತಿದೆ.
ತಡಿ, ಬಂದೆ. ಇಪ್ಪತ್ತಮೂರನೆಯ ನಡೆ,
ಆನೆಯನ್ನು ಎತ್ತಿದ್ದಾನೆ,
ಇನ್ನೂ ಇಟ್ಟಿಲ್ಲ.