ಮಾಲಿಯೇ ಕೊಂದದ್ದು

ಅರವತ್ತಮೂರನೇ ಪುಟದ ಅಂಚಿನಲ್ಲಿ
ಯಾರೋ ಪೆನ್ಸಿಲಿನಲ್ಲಿ ಬರೆದುಬಿಟ್ಟಿದ್ದಾರೆ:
ಮಾಲಿಯೇ ಕೊಂದದ್ದು.

ಅಯ್ಯೋ, ಇನ್ನೂ ನೂರಾ ನಲವತ್ತು ಪುಟ ಇತ್ತಲ್ಲ ಪುಣ್ಯಾತ್ಮರೇ!
ಬೇಕರಿಯವನು ಈಗಷ್ಟೇ ಸತ್ತಿದ್ದ, ಅದೂ ಮರ್ಯಾದೆಯಾಗಿ,
ರಕ್ತ ಗಿಕ್ತ ಇಲ್ಲದೆ, ಮುಚ್ಚಿದ ಬಾಗಿಲ ಹಿಂದೆ.
ರಿಟೈರಾದ ಪೋಸ್ಟ್‌ಮಾಸ್ಟರಮ್ಮ ಕನ್ನಡಕ ಒರೆಸಿಕೊಂಡು
ಬನ್ನಿನ ಚೂರೊಂದನ್ನು ಇನ್ನೂ ಮೂಸುತ್ತಿದ್ದಳು.

ನನಗೆ ಇಂಥವೇ ಬೇಕು.
ಹಗಲೆಲ್ಲ ನವರಂಗ್ ಹತ್ತಿರ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ
ಊದಿದ ಕೆನ್ನೆಗಳಿಗೆ ಟೋಕನ್ ಕೊಡುವವಳಿಗೆ
ಸಂಜೆಗೊಂದು ಅಚ್ಚುಕಟ್ಟಾದ ಕೊಲೆ,
ನೋವು ಗೊತ್ತಾಗದ ಹೆಣ, ಕೊನೆಗೆ ಎಲ್ಲರೂ ಕೂತು ಟೀ.
'ಒಬ್ಬಳೇ ಇರ್ತೀಯ, ಭಯ ಆಗಲ್ವಾ?' ತಂಗಿ ಪಂಕಜಾಕ್ಷಿ ಕೇಳುತ್ತಾಳೆ.
ಭಯ ಆಗೋದು ನೀರಿನ ಬಿಲ್ಲಿಗೆ ಕಣೇ.

ಊಟದ ಮೇಜು ಸದ್ಯಕ್ಕೆ ಊಟಕ್ಕಿಲ್ಲ.
ಅವೆನ್ಯೂ ರೋಡಿನ ಫುಟ್‌ಪಾತಿನಲ್ಲಿ ನೂರಿಪ್ಪತ್ತಕ್ಕೆ ತಂದ ಜಿಗ್‌ಸಾ ಅದರ ಮೇಲೆ.
ಸಾವಿರ ತುಂಡು ಅಂತ ಡಬ್ಬಿ ಆಣೆ ಮಾಡುತ್ತದೆ,
ಎಣಿಸಿದರೆ ಒಂಬೈನೂರ ತೊಂಬತ್ತೆಂಟು.
ಯಾವುದೋ ಬಂದರು, ನಾಲ್ಕು ದೋಣಿ, ಮಿಕ್ಕಿದ್ದೆಲ್ಲ ಆಕಾಶ.
ನೀಲಿಯನ್ನು ನೀಲಿಗೆ ಒಪ್ಪಿಸುವುದು ಜಾತಕ ಕೂಡಿಸಿದ ಹಾಗೆ,
ಹತ್ತರಲ್ಲಿ ಒಂಬತ್ತು ಕೂಡುವುದಿಲ್ಲ.
ಕ್ರೋಶಾ? ಟೀವಿಗೊಂದು ಹೊದಿಕೆ ಶುರು ಮಾಡಿದ್ದೆ.
ಟೀವಿ ತೆಳ್ಳಗಾಗಿ ಗೋಡೆ ಹತ್ತಿತು,
ಹೊದಿಕೆ ಅರ್ಧಕ್ಕೇ ನಿಂತಿತು.

ಸರಿ, ಈ ಪೆನ್ಸಿಲಿನವರು ಯಾರು?
ಪುಟ ಮೂಸಿದೆ. ಅವರೆಕಾಯಿಯ ಸೊಗಡು!
ಹೆಬ್ಬೆರಳಿನ ಹಸಿರು ಗುರುತು ಎಪ್ಪತ್ತರವರೆಗೂ ಇದೆ.
ಮಡಿಲಲ್ಲಿ ಮೊರ, ಬೆರಳಲ್ಲಿ ಹಿತಕುವ ಕಾಳು,
ಕಣ್ಣು ಮಾತ್ರ ಬೇಕರಿಯಲ್ಲಿ.
ಹಿಂದಿನ ಚೀಟಿ ತಿರುಗಿಸಿದೆ, ಮೊಹರು ಹೌದೆಂದಿತು:
ಹೋದ ಜನವರಿ ಒಂಬತ್ತು, ಮೆಂಬರ್ ನಂಬರ್ ೪೧೨.
ಮತ್ತೆ ಆ 'ದ್ದು'ವಿನ ಕೊಂಬು,
ಪಕ್ಕದ ಮನೆಯವರೆಗೂ ಎಳೆದದ್ದು,
ಎಲ್ಲೋ ನೋಡಿದ್ದೇನಲ್ಲ?

ಲೈಬ್ರರಿಯ ಪೇಪರಿನಲ್ಲಿ!
ದಿನಾ ನನಗಿಂತ ಮೊದಲೇ ಪದಬಂಧ ತುಂಬಿಡುವ ಕೈ ಅದು.
ಆನೆ, ಮೂರಕ್ಷರ ಅಂದರೆ 'ವಾರಣ' ಅಂತ ಒತ್ತಿ ಬರೆದು
ಕೆಳಗಿನ ಸಾಲೆಲ್ಲ ಕೆಡಿಸುವ ಕೈ.
ಅಲ್ಲಿ ಬೇಕಿದ್ದದ್ದು 'ಕುಂಜರ'.
'ನಾನೂರ ಹನ್ನೆರಡು ಯಾರು ಕೆಂಪರಾಜು?'
'ಹೆಸರು ಹೇಳೋ ಹಾಗಿಲ್ಲ ಮೇಡಂ,' ಅಂದ,
ಕಣ್ಣು ಮಾತ್ರ ತಪ್ಪಿ ಕಿಟಕಿ ಪಕ್ಕದ ಕುರ್ಚಿಗೆ ಹೋಗಿಬಂತು.
ಖಾಲಿ ಕುರ್ಚಿ. ಬೆನ್ನಿಗೆ ಒಂದು ಕಂದು ಮಫ್ಲರ್.

ರಾತ್ರಿ ಹನ್ನೆರಡೂವರೆಗೆ ಪುಸ್ತಕ ಮುಗಿಯಿತು.
ಮಾಲಿ ಅಲ್ಲ.
ಕೊಂದದ್ದು ಬೇಕರಿಯ ಲೆಕ್ಕ ಬರೆಯುವವನು.
ಮಾಲಿ, ಪಾಪ, ಎರಡು ಗುಲಾಬಿ ಕಡ್ಡಿ ಕದ್ದು
ಅದನ್ನೇ ಬಚ್ಚಿಡಲು ಅಷ್ಟೊಂದು ಬೆವರುತ್ತಿದ್ದ.

ಆಗ ಹೊಳೆಯಿತು:
ಎಪ್ಪತ್ತರಾಚೆ ಹಸಿರು ಗುರುತಿಲ್ಲ, ಸೊಗಡೂ ಇಲ್ಲ.
ಕಾಳು ಮುಗಿಯಿತೋ, ಕುಕ್ಕರ್ ಕೂಗಿತೋ,
ಗೊತ್ತಾಯಿತಲ್ಲ ಅಂತ ಮುಚ್ಚಿಟ್ಟರೋ.
ಹತ್ತಿರ ಹತ್ತಿರ ಒಂದು ವರ್ಷ
ಆ ನಿರಪರಾಧಿ ಯಾರದೋ ತಲೆಯೊಳಗೆ ಜೈಲಿನಲ್ಲಿದ್ದಾನೆ,
ಗುಲಾಬಿಗೆ ನೀರು ಹಾಕುವವರಿಲ್ಲದೆ.

ರಬ್ಬರ್ ಕೈಗೆತ್ತಿಕೊಂಡೆ, ಇಟ್ಟೆ.
ಕೆಳಗೆ ಸಣ್ಣಗೆ ಬರೆದೆ: ನೂರ ತೊಂಬತ್ತೊಂದು ನೋಡಿ.
ಬೆಳಿಗ್ಗೆ ಕ್ಲಿನಿಕ್ಕಿಗೆ ಹೋಗುವ ಮೊದಲು
ಆ ಕುರ್ಚಿಯ ಮೇಲಿಟ್ಟು ಬಂದೆ, ಕಳ್ಳಿಯ ಹಾಗೆ.

ಸಂಜೆ ಬಂದರೆ ಪದಬಂಧ ಪೂರ್ತಿ ಖಾಲಿ,
ಒಂದು ಮನೆಯನ್ನೂ ಯಾರೂ ಮುಟ್ಟಿಲ್ಲ.
ಕಿಟಕಿ ಪಕ್ಕ ಮಫ್ಲರ್ ಬಗ್ಗಿ ಕೂತಿದೆ.
ಅದರ ಮುಖ ನೋಡಲಿಲ್ಲ ನಾನು.
ಎಡದಿಂದ ಬಲಕ್ಕೆ, ಒಂದು. ಪೆನ್ಸಿಲ್ ಚೂಪು ಮಾಡಿಕೊಂಡೆ.
ಅತ್ತ ಒಂದು ಪುಟ ಮಗುಚಿದ ಸದ್ದು.